ಹುಲ್ಲಿನ ಪೆಂಡಿ ಟ್ರೇಲರಿಗೆ ಹೇರೂದು: ಲೋಡರ್ ಬೇಕೋ, ಕನ್ವೇಯರ್ ಸಾಕೋ?

ಎರಿಹೊಲ ಅಣ್ಣಿಗೇರಿ
ನಮಸ್ಕಾರ್ರಿ ಎಲ್ಲಾರಿಗೂ. ಕಲಘಟಗಿ ಕಡೆ ಕಂಬೈನ್ ಹೊಡದ ಭತ್ತದ ಗದ್ದಿಯೊಳಗ ದುಂಡನ ಬೇಲರ್ ಹಾಕಿಸಿ 400 ಪೆಂಡಿ ಕಟ್ಟಿಸೇವಿ. ಒಂದೊಂದು ಪೆಂಡಿ 2 ಅಡಿ ದಪ್ಪ, 3 ಅಡಿ ಉದ್ದ, ತೂಕ 18ರಿಂದ 22 ಕಿಲೊ. ಟ್ರ್ಯಾಕ್ಟರ್ 45 ಎಚ್‌ಪಿದು, ಟ್ರೇಲರ್ ಎರಡು ಗಾಲಿದು, ಡಬ್ಬಿ 10 ಅಡಿ ಉದ್ದ 6 ಅಡಿ ಅಗಲ. ಅಣ್ಣಿಗೇರಿಗೆ ತರಬೇಕು, ಹುಬ್ಬಳ್ಳಿ ಮ್ಯಾಲೆ ಹಾದು ಸುಮಾರು 65 ಕಿಲೊಮೀಟರ್ ಆಗ್ತೈತಿ.

ಈಗ ಕೆಳಗ ಇಬ್ಬರು ಎತ್ತಿ ಒಗೀತಾರ, ಮ್ಯಾಲ ಒಬ್ಬಾಂವ ಹಿಡದು ಜೋಡಸ್ತಾನ. ಮೂರನೇ ಸಾಲಿಗೆ ಬರೂದ್ರಾಗ ಕೈ ಸೋತು ಹೋಗ್ತಾವ. ಆಮ್ಯಾಲೆ ಬಿದ್ದಂಗ ಬಿದ್ದ ಪೆಂಡಿ ಹಂಗ ಬಿಟ್ಟು ಹೇರು ಒಂದ ಕಡೆ ವಾಲ್ತೈತಿ. ಟ್ರ್ಯಾಕ್ಟರ್ ಮುಂದ ಭಾರ ಎತ್ತೋ ಕೈ, ಅಂದ್ರ ಲೋಡರ್ ಕುಂದ್ರಸೂದು ಛಲೋನೋ, ಸರಪಳಿ ಮ್ಯಾಲ ಪೆಂಡಿ ಏರಸೋ ಕನ್ವೇಯರ್ ಬಾಡಗಿಗೆ ತರೂದು ಛಲೋನೋ? ಎಷ್ಟು ಸಾಲು ಹೇರಬಹುದು, ಹಗ್ಗ ಎಂಥಾದ್ದು ಬೇಕು? ತಿಳದವರು ಹೇಳ್ರಿ.

ಶಿಗ್ಗಾವಿ ಸಾಲುಮರ
400 ಪೆಂಡಿಗೆ ಲೋಡರ್ ಬ್ಯಾಡ್ರಿ. ಕನ್ವೇಯರ್ ಸಾಕು.

ಹಾನಗಲ್ಲ ಗದ್ದಿ
ಯಂತ್ರದ ಮಾತು ಆಮ್ಯಾಲೆ. ಮೊದಲ ಒಂದು ಹೇಳ್ರಿ, ಪೆಂಡಿ ಒಣಗ್ಯಾವೇನು? ಕಂಬೈನ್ ಹೊಡದ ಎಷ್ಟು ದಿವಸಕ್ಕ ಬೇಲರ್ ಹಾಕಿದ್ರಿ?

ಹುಲ್ಲಿನ ತೇವ ನೂರಕ್ಕ 15ರ ಕೆಳಗ ಇದ್ರ ಏನೂ ಭಯ ಇಲ್ಲ. 20 ದಾಟಿದ್ರ ಒಳಗಿನಿಂದ ಬೂಷ್ಟು ಹಿಡೀತೈತಿ, ಕಾವು ಏರ್ತೈತಿ. ಮೀಟರ್ ಇಲ್ಲದಿದ್ರ ಪೆಂಡಿ ನಡುವಿಂದ ಒಂದು ಹಿಡಿ ಎಳೀರಿ, ಎರಡೂ ಕೈಲೆ ಹಿಂಡಿದಂಗ ತಿರುವ್ರಿ. ಮೂರ್ನಾಕು ಸುತ್ತಿಗೆ ಪಟಪಟ ಮುರದ್ರ ಒಣಗೇತಿ. ಹಗ್ಗದಂಗ ಹೊಸ್ಯಾಕ ಬಂದ್ರ ಹಸಿ ಐತಿ. ದಂಟಿನ ಗಂಟು ಇರ್ತಾವಲ್ಲ, ಅದನ್ನ ಉಗುರಲೆ ಒತ್ತಿ ನೋಡ್ರಿ. ಎಲಿ ಒಣಗಿದ ಮ್ಯಾಲೂ ಗಂಟಿನಾಗ ನೀರು ಉಳದಿರತೈತಿ, ಮಂದಿ ಮೋಸ ಹೋಗೂದು ಅಲ್ಲೇ.

ಒಂದೊಂದ ಬಿಡಿ ಬಿಡಿ ಬಿದ್ದಾಗ ಸಣ್ಣ ಪೆಂಡಿಯ ಕಾವು ಗಾಳಿಗೆ ಹೋಗಿಬಿಡ್ತೈತಿ. ಅದನ್ನ ಟ್ರೇಲರಿನಾಗ ಒತ್ತಿ ಹೇರಿ, ಮ್ಯಾಲ ತಾಡಪಾಲ ಮುಚ್ಚಿ, ಊರಾಗ ಬಣವಿ ಒಟ್ಟಿದ ಮ್ಯಾಲೆ ಕಾವು ಹೊರಗ ಬರಾಕ ದಾರಿ ಇರೂದಿಲ್ಲ. ಹಸಿ ಪೆಂಡಿ ಇದ್ರ ಬ್ಯಾರೆ ತಗದು ಗದ್ದಿಯೊಳಗ ನೆಟ್ಟಗ ನಿಂದ್ರಸ್ರಿ, ಸುತಳಿ ಸಡಲ ಮಾಡ್ರಿ.

ವೆಲ್ಡಿಂಗ್ ಶೆಡ್ ಗದಗ
ಕನ್ವೇಯರ್ ಬಗ್ಗೆ ಹೇಳ್ತೀನಿ, ಇದು ನಮ್ಮ ಕಸಬಿನ ಮಾತು.

ಉದ್ದ 24 ಅಡಿ ಇರಬೇಕು. 40 ಡಿಗ್ರಿ ಓರೆ ಇಟ್ರ ತುದಿ 15 ಅಡಿ ಎತ್ತರಕ್ಕ ಹೋಗ್ತದ, ನಿಮ್ಮ ಟ್ರೇಲರಿನ ಮ್ಯಾಲಿನ ಸಾಲು ದಾಟಿ ಬಣವಿಗೂ ಅದ ಸಾಕು. 20 ಅಡಿದು ತಗೊಂಡ್ರ ಅದ ಓರೆಗೆ 13 ಅಡಿ ಸಿಗೂದಿಲ್ಲ. ಎತ್ತರ ಸಾಲದು ಅಂತ 45 ಡಿಗ್ರಿ ಮ್ಯಾಲ ಎತ್ತಬ್ಯಾಡ್ರಿ, ಪೆಂಡಿ ಪಟ್ಟಿ ಹಾರಿ ಹಿಂದಕ್ಕ ಉರುಳ್ತದ, ಕೆಳಗ ನಿಂತಾಂವನ ಮುಖಕ್ಕ ಬರ್ತದ.

ಸರಪಳಿ ಮ್ಯಾಲಿನ ಅಡ್ಡಪಟ್ಟಿ 4 ಅಡಿಗೊಂದು ಇರಲಿ. ಪೆಂಡಿ 3 ಅಡಿ ಉದ್ದ, 1 ಅಡಿ ಖಾಲಿ ಉಳೀತದ, ಒಂದಕ್ಕೊಂದು ಡಿಕ್ಕಿ ಹೊಡ್ಯೂದಿಲ್ಲ. ಮ್ಯಾಲಿನಾಂವ ನೆಟ್ಟಗ ಜೋಡಸ್ಬೇಕಂದ್ರ ನಿಮಿಷಕ್ಕ 5-6 ಪೆಂಡಿ ಅಷ್ಟ. ಲೆಕ್ಕಾ ಹಾಕ್ರಿ: 4 ಅಡಿಗೊಂದರಂಗ 6 ಪೆಂಡಿ ಅಂದ್ರ ಸರಪಳಿ ನಿಮಿಷಕ್ಕ 24 ಅಡಿ ಓಡಿದ್ರ ಸಾಕು. ಬಾಡಗಿ ಮಷೀನಿನಾಗ ಇದರ ಮೂರು ಪಟ್ಟು ಜೋರ ಓಡಸ್ತಾರ, ಮ್ಯಾಲಿನಾಂವ ಕೈಗೆ ಸಿಕ್ಕದ್ದು ಸಿಕ್ಕಂಗ ಒಗೀತಾನ. ಹಂಗಾದ್ರ ನಿಮ್ಮ ಹೇರು ಮತ್ತ ವಾಲ್ತದ. ಎಂಜಿನ್ ಕಡೆ ಸಣ್ಣ ಪುಲ್ಲಿ ಹಾಕಿ ವೇಗ ಇಳಸ್ರಿ.

ಕನ್ವೇಯರ್ ಮ್ಯಾಲ ದುಂಡನ ಪೆಂಡಿ ಯಾವಾಗ್ಲೂ ಉದ್ದಕ್ಕ ಇಡಬೇಕು, ಅಡ್ಡ ಇಡಬಾರ್ದು. ಕನ್ವೇಯರಿನ ದೋಣಿಯ ಎರಡೂ ಬದಿಗೆ ಹೊರಗ ಬಾಗಿದ ತಗಡು ಬೇಕು, ಇಲ್ಲಂದ್ರ ನಡುದಾರ್ಯಾಗ ಉರುಳಿ ಬೀಳ್ತದ.

ರಾಣೆಬೆನ್ನೂರ ಹೈಡ್ರಾಲಿಕ್
ಎಲ್ಲಾರೂ ಲೋಡರ್ ಬ್ಯಾಡ ಅಂತೀರಿ. 400ಕ್ಕ ನಿಂತ್ರ ಬ್ಯಾಡ, ಖರೆ. ಆದ್ರ ವರ್ಷಾ ಎರಡು-ಮೂರು ಸಾವಿರ ಪೆಂಡಿ ಹೇರಾವ್ರು, ಜೊತಿಗೆ ಗೊಬ್ಬರಾ, ಮಣ್ಣು ತುಂಬಾವ್ರು ಆದ್ರ ಲೋಡರ್ ದುಡೀತದ.

ಕುಂದ್ರಸೋ ಮೊದಲ ಮೂರು ನೋಡ್ಬೇಕು. ಮೊದಲನೇದ್ದು ಎಣ್ಣಿ ಪೈಪು. ಟ್ರೇಲರ್ ಡಂಪ್ ಮಾಡಾಕ ಒಂದ ಪೈಪು ಸಾಕು, ಎಣ್ಣಿ ಒತ್ತಿ ಎತ್ತತದ, ತನ್ನ ಭಾರಕ್ಕ ಇಳೀತದ. ಲೋಡರಿಗೆ ಎತ್ತಾಕ ಎರಡು, ಬಗ್ಗಸಾಕ ಎರಡು, ಒಟ್ಟು ನಾಕು ಪೈಪು, ಎರಡೂ ಕಡೆ ಒತ್ತಡ ಕೊಡೋ ಎರಡು ವಾಲ್ವು ಬೇಕು. ಹಳೇ ಟ್ರ್ಯಾಕ್ಟರಿನಾಗ ಇರೂದಿಲ್ಲ, ಬ್ಯಾರೆ ಕುಂದ್ರಸ್ಬೇಕಾಗ್ತದ.

ಎರಡನೇದ್ದು ಹಿಂದಿನ ಭಾರ. ಪೆಂಡಿ ಹಗುರ, ಆರು ಎತ್ತಿದ್ರೂ 120 ಕಿಲೊ. ಆದ್ರ ಲೋಡರಿನ ಸ್ವಂತ ತೂಕ 400 ಕಿಲೊ ದಾಟ್ತದ, ಅದು ಹೆಚ್ಚಾಗಿ ಮುಂದಿನ ಅಚ್ಚಿನ ಮ್ಯಾಲ. ಹಿಂದ ಭಾರ ಇಲ್ಲಂದ್ರ ಹಿಂದಿನ ಗಾಲಿ ಹಗುರ ಆಗಿ ಬ್ರೇಕ್ ಹಿಡ್ಯೂದಿಲ್ಲ. ಕಾಂಕ್ರೀಟಿನ ಗಟ್ಟಿ 50 ಸೆಂಮೀ ಉದ್ದ, 50 ಅಗಲ, 60 ಎತ್ತರ ಎರಕ ಹೊಯ್ದ್ರ ಹತ್ತಿರ ಹತ್ತಿರ 360 ಕಿಲೊ ಬರ್ತದ. ಟ್ರ್ಯಾಕ್ಟರ್ ಹಿಂದಿನ ಮೂರು ಪಾಯಿಂಟ್ ಲಿಂಕೇಜಿಗೆ ತೂಗಹಾಕ್ರಿ. ಎರಕ ಹೊಯ್ಯೂದು ಬ್ಯಾಡಂದ್ರ ರೋಟಾವೇಟರ್ ಎತ್ತಿ ಕಟ್ರಿ, ಅದೂ ನಡೀತದ.

ಮೂರನೇದ್ದು, ಬಕೆಟ್ ಬ್ಯಾಡ, ಮುಳ್ಳು ಬೇಕು. ಪೆಂಡಿ ತಲಿಯೊಳಗ ಚುಚ್ಚೋ 2.5 ಅಡಿ ಕಬ್ಬಿಣದ ಮುಳ್ಳು. ಪೆಂಡಿ 3 ಅಡಿ, ಮುಳ್ಳು ಆಚಿಗೆ ಪಾರಾಗಬಾರ್ದು. ಪಾರಾದ್ರ ಜೋಡಿಸಿದ ಹಿಂದಿನ ಪೆಂಡಿಗೂ ಚುಚ್ಚಿ, ಲೋಡರ್ ಹಿಂದ ಸರಿಯೂವಾಗ ಎರಡನ್ನೂ ಎಳಕೊಂಡು ಬರ್ತದ.

ಶಿಗ್ಗಾವಿ ಸಾಲುಮರ
ಇಷ್ಟೆಲ್ಲಾ ಖರೆ. ಆದ್ರ ಭತ್ತದ ಗದ್ದಿ ಅಣ್ಣಾರ. ಮ್ಯಾಲ ಒಣಗಿದಂಗ ಕಂಡ್ರೂ ಕೆಳಗ ಮೆತ್ತಗಿರ್ತೈತಿ. ಮುಂದಿನ ಸಣ್ಣ ಗಾಲಿ ಮ್ಯಾಲ ಅಷ್ಟು ಭಾರ ಹಾಕಿದ್ರ ಹೂತು ಕುಂದ್ರತೈತಿ. ಲೋಡರ್ ಏನಿದ್ರೂ ಕಣದಾಗ, ರಸ್ತಿ ಬದೀಗೆ.

ರಾಣೆಬೆನ್ನೂರ ಹೈಡ್ರಾಲಿಕ್
ಅದನ್ನ ಒಪ್ಪೇನಿ. ಗದ್ದಿಯಿಂದ ರಸ್ತಿಗೆ ಹಾಯ್ಸಾಕ ಸಣ್ಣ ಹೇರು, ರಸ್ತಿ ಬದೀಗೆ ದೊಡ್ಡ ಹೇರು. ಇನ್ನೊಂದು ಮಾತು, ಲೋಡರ್ ಕೈ ಎತ್ತಿದಾಗ ಕೆಳಗ ಯಾರೂ ನಿಂದ್ರಬಾರ್ದು. ಪೈಪು ಒಡದ್ರ ಕೈ ನಿಧಾನಕ್ಕ ಇಳ್ಯೂದಿಲ್ಲ, ಒಮ್ಮಿಗೇ ಬೀಳ್ತದ. ಎಣ್ಣಿ ಎಲ್ಲಿ ಸೋರ್ತದ ಅಂತ ಬೆರಳಲೆ ತಡವ್ಯಾಡಬ್ಯಾಡ್ರಿ, ಆ ಒತ್ತಡಕ್ಕ ಎಣ್ಣಿ ಚರ್ಮದೊಳಗ ನುಗ್ಗತದ. ರಟ್ಟಿನ ತುಂಡು ಹಿಡದು ನೋಡ್ರಿ.

ಹಾನಗಲ್ಲ ಗದ್ದಿ
ಈಗ ಸಾಲಿನ ಲೆಕ್ಕ. ಪೆಂಡಿ ಅಡ್ಡ ಇಡ್ರಿ, ಅಂದ್ರ ಪೆಂಡಿಯ ಉದ್ದ ಟ್ರೇಲರಿನ ಅಗಲಕ್ಕ ಬರಬೇಕು. 6 ಅಡಿ ಅಗಲಕ್ಕ ಎರಡು, 10 ಅಡಿ ಉದ್ದಕ್ಕ ಐದು, ತಳದ ಸಾಲಿಗೆ 10. ಎರಡನೇ ಸಾಲು ತಳದ ಪೆಂಡಿಗಳ ಸಂದಿನೊಳಗ ಕುಂದ್ರಬೇಕು. ಐದು ಪೆಂಡಿಗೆ ನಾಕು ಸಂದು, ಎರಡು ಬದಿ, ಒಟ್ಟು 8. ಮೂರನೇದು ಮತ್ತ 10, ನಾಕನೇದು 8. ಒಟ್ಟು 36.

ಇಲ್ಲೇ ಒಂದು ತಪ್ಪು ಎಲ್ಲಾರೂ ಮಾಡ್ತಾರ. ಎಲ್ಲಾ ಸಾಲಿನಾಗೂ ಎರಡೆರಡು ಪೆಂಡಿ ತಲಿಗೆ ತಲಿ ಕೂಡಸಿದ್ರ ಆ ಜೋಡಣಿ ಟ್ರೇಲರಿನ ನಟ್ಟನಡುವ ಕೆಳಗಿಂದ ಮ್ಯಾಲಿನ ತನಕ ಒಂದ ಗೆರಿ ಆಗ್ತೈತಿ. ತಗ್ಗಿಗೆ ಒಂದು ಗಾಲಿ ಇಳದ್ರ ಹೇರು ಆ ಗೆರಿ ಹಿಡದು ಎರಡು ಹೋಳು ಸೀಳ್ತೈತಿ. ಅದಕ್ಕ ಮ್ಯಾಲ ಬಂಧ ಬೇಕು. ನಾಕನೇ ಸಾಲಿನ ಮ್ಯಾಲ, ನಡು ಗೆರಿ ಹಿಡದು, ಮೂರು ಪೆಂಡಿ ಉದ್ದಕ್ಕ ಮಲಗಸ್ರಿ, ಹಗ್ಗ ಅವುಗಳ ಮ್ಯಾಲ ಹಾದು ಬಿಗೀಬೇಕು. ಹಗ್ಗ ಎಳದಂಗ ಆ ಮೂರು ಪೆಂಡಿ ಗೆರಿಯೊಳಗ ಇಳದು ಎರಡೂ ಬದಿ ಹಿಡಕೊಂತಾವ. ಒಟ್ಟು 39 ಪೆಂಡಿ. ತೂಕ 800 ಕಿಲೊದ ಆಸುಪಾಸು, ಟ್ರೇಲರಿಗೆ ಅದೇನೂ ಅಲ್ಲ. ಎತ್ತರ ಮಾತ್ರ ನೆಲದಿಂದ 12 ಅಡಿ ಮುಟ್ಟತೈತಿ. ಅಲ್ಲಿಗೆ ನಿಲ್ಲಸ್ರಿ.

ರೋಣದ ಕಪ್ಪುನೆಲ
ಅಡ್ಡ ಯಾಕ? ಉದ್ದಕ್ಕ ಇಟ್ರ ಬ್ರೇಕ್ ಹಾಕಿದಾಗ ಪೆಂಡಿ ಮುಂದ ಉರುಳೂದಿಲ್ಲಲ್ಲ.

ಹಾನಗಲ್ಲ ಗದ್ದಿ
ಮುಂದ ಉರುಳೂದಿಲ್ಲ, ಬದೀಗೆ ಉರುಳ್ತೈತಿ. ಮುಂದ ಫಳಿ ಐತಿ, ಹಿಂದ ಬಾಗಲಾ ಐತಿ, ಅವು ತಡೀತಾವ. ಬದಿಯ ಫಳಿ 2 ಅಡಿ ಅಷ್ಟ, ತಳದ ಒಂದು ಸಾಲು ಹಿಡೀತೈತಿ. ಎರಡನೇ ಸಾಲಿನಿಂದ ಮ್ಯಾಲ ಬದೀಗೆ ತಡ್ಯಾವರು ಯಾರೂ ಇಲ್ಲ. ತಿರುವಿನಾಗ ಹೇರು ಹೋಗೂದು ಬದೀಗೆ ಅಲ್ಲೇನ್ರಿ? ಅಷ್ಟ ಅಲ್ಲ, ಉದ್ದಕ್ಕ ಇಟ್ರ ತಳಕ್ಕ 9 ಹಿಡೀತಾವ, ಅಡ್ಡ ಇಟ್ರ 10.

ರೋಣದ ಕಪ್ಪುನೆಲ
ಬದಿಯ ಮಾತು ತಿಳೀತು. ಚೌಕ ಪೆಂಡಿಗೆ ಉದ್ದಕ್ಕ ಇಡ್ತಾರ, ಅದನ್ನ ನೋಡಿ ಕೇಳಿದ್ನಿ.

ಹಾನಗಲ್ಲ ಗದ್ದಿ
ಚೌಕ ಪೆಂಡಿದು ಬ್ಯಾರೆ ಲೆಕ್ಕ. ಅದು ಇಟ್ಟಂಗಿ ಇದ್ದಂಗ. ಒಂದು ಸಾಲು ಉದ್ದ, ಒಂದು ಸಾಲು ಅಡ್ಡ, ಗ್ವಾಡಿ ಕಟ್ಟಿದಂಗ ಕಟ್ಟಬಹುದು. ಸುತಳಿ ಮಾತ್ರ ಮ್ಯಾಲ-ಕೆಳಗ ಬರಬಾರ್ದು, ಬದೀಗೆ ಬರಬೇಕು, ಇಲ್ಲಂದ್ರ ತಿಕ್ಕಿ ಹರೀತೈತಿ.

ಲಕ್ಷ್ಮೇಶ್ವರ ಲಾರಿ
ನಾನು ಹೇಳೂದು ಕೇಳ್ರಿ. ಟ್ರೇಲರಿಗೆ 39 ಅಂದ್ರ 400ಕ್ಕ 11 ಟ್ರಿಪ್ಪು. ಹೋಗಿ ಬಂದ್ರ 130 ಕಿಲೊಮೀಟರ್. ತಾಸಿಗೆ 20 ಕಿಲೊಮೀಟರ್ ಹಿಡದ್ರೂ ದಿವಸಕ್ಕೊಂದ ಟ್ರಿಪ್ಪು. 11 ದಿವಸ ಟ್ರ್ಯಾಕ್ಟರ್ ರಸ್ತಿಮ್ಯಾಲ ಓಡಸ್ತೀರೇನು? 20 ಅಡಿ ಡಬ್ಬಿ ಇರೋ ಲಾರಿಗೆ ಇದ ಲೆಕ್ಕದಾಗ ತಳಕ್ಕ 20, ಮ್ಯಾಲ 18, ನಾಕು ಸಾಲಿಗೆ 76, ಬಂಧದ ಆರು ಸೇರಿ 82. ಐದು ಟ್ರಿಪ್ಪಿಗೆ ಮುಗೀತು. ಟ್ರ್ಯಾಕ್ಟರ್ ಗದ್ದಿಯಿಂದ ರಸ್ತಿ ತನಕ ಅಷ್ಟ ಇರಲಿ.

ಹಗ್ಗ 12ರಿಂದ 14 ಮಿಮೀ ದಪ್ಪದ್ದು ತಗೋರಿ. ನುಣುಪು ನೈಲಾನ್ ಬ್ಯಾಡ, ಗಂಟು ಜಾರ್ತದ, ಎಳದಾಗ ರಬ್ಬರಿನಂಗ ಹಿಗ್ಗತದ. ಟ್ರೇಲರಿಗೆ 40 ಅಡಿದು ನಾಕು ಬೇಕು: ಎರಡು ಮುಂದಿಂದ ಹಿಂದಕ್ಕ ನೆಟ್ಟಗ, ಎರಡು ಮೂಲಿಂದ ಮೂಲಿಗೆ ಅಡ್ಡ. ಲಾರಿ ಗಂಟು ಹಾಕಿ, ಒಬ್ಬ ಹಗ್ಗಕ್ಕ ಜೋತುಬಿದ್ದು ಜಗ್ಗಬೇಕು, ಇನ್ನೊಬ್ಬ ಕೊಂಡಿಗೆ ಸುತ್ತಬೇಕು. 5 ಕಿಲೊಮೀಟರ್ ಹೋದ ಮ್ಯಾಲೆ ನಿಲ್ಲಿಸಿ ಮತ್ತ ಬಿಗೀರಿ. ಹುಲ್ಲು ಕುಲುಕಿ ಕುಂದ್ರತದ, ಗದ್ದಿಯೊಳಗ ತಂತಿಯಂಗಿದ್ದ ಹಗ್ಗ ರಸ್ತ್ಯಾಗ ಕೈಲೆ ಎತ್ತಿದ್ರ ಎರಡು ಗೇಣು ಮ್ಯಾಲ ಬರ್ತದ. ಇದೊಂದು ಬಿಟ್ಟಾವರ ಹೇರ ಬೀಳೂದು.

ಬದೀಗೆ ಗಳ ಕಟ್ಟಿ ಡಬ್ಬಿಗಿಂತ ಹೊರಗ ಹೇರಬ್ಯಾಡ್ರಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮ್ಯಾಲೆ ಡಬ್ಬಿ ಮೀರಿ ಹೊರಗ ಚಾಚಿದ ಹೇರಿಗೆ ದಂಡ 20,000 ರೂಪಾಯಿ, ಮ್ಯಾಲ ಇಳಸೋ ಖರ್ಚೂ ನಿಮ್ಮದ.

ಮುಂಡರಗಿ ಮೋಟರ್
ತಂತಿ ಮಾತು ಯಾರೂ ಎತ್ತಲಿಲ್ಲ. ಲೈನು ರಸ್ತೆ ದಾಟುವಲ್ಲಿ ಕನಿಷ್ಠ 5.8 ಮೀಟರ್ ಎತ್ತರ ಇರಬೇಕು ಅಂತ ನಿಯಮ ಇದೆ. ಹೊಲಗಳ ಮೇಲೆ ಹಾದರೆ 4.6 ಮೀಟರ್ ಸಾಕು, ಅಂದರೆ ಸುಮಾರು 15 ಅಡಿ. ಕಂಬ ವಾಲಿ, ತಂತಿ ಜೋಲು ಬಿದ್ದ ಕಡೆ ಅಷ್ಟೂ ಉಳಿದಿರುವುದಿಲ್ಲ. ನಿಮ್ಮ ಹೇರು 12 ಅಡಿ, ಅದರ ಮೇಲೆ ಒಬ್ಬ ಮನುಷ್ಯ ನಿಂತರೆ 17 ಅಡಿ ದಾಟುತ್ತದೆ. ಲೆಕ್ಕ ಅಲ್ಲಿಗೇ ಮುಗಿಯಿತು.

24 ಅಡಿಯ ಕಬ್ಬಿಣದ ಕನ್ವೇಯರ್ ಇನ್ನೂ ಅಪಾಯ. ಎತ್ತಿದ ಸ್ಥಿತಿಯಲ್ಲೇ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುತ್ತಾರೆ, ಎಳೆಯುವವನ ಕಣ್ಣು ಮುಂದಿನ ದಾರಿಯ ಮೇಲೆ ಇರುತ್ತದೆ, ತುದಿ ತಂತಿಗೆ ತಾಗುವುದು ಹಿಂದೆ. ಜಾಗ ಬದಲಿಸುವ ಮುನ್ನ ಪೂರ್ತಿ ಇಳಿಸಿ. ಗದ್ದೆಗೆ ಹೋದ ಕೂಡಲೇ ತಂತಿ ಎಲ್ಲೆಲ್ಲಿ ಹಾದಿದೆ ನೋಡಿ, ಅದರ ಕೆಳಗೆ ಹೇರುವ ಜಾಗ ಇಟ್ಟುಕೊಳ್ಳಬೇಡಿ. ಜೋಲುಬಿದ್ದ ತಂತಿ ಕಂಡರೆ 1912ಕ್ಕೆ ಫೋನ್ ಮಾಡಿ ದೂರು ಬರೆಸಿ. ಕೋಲಿನಿಂದ ತಂತಿ ಎತ್ತಿ ಹಿಡಿದು ಕೆಳಗೆ ಟ್ರ್ಯಾಕ್ಟರ್ ದಾಟಿಸುವುದು ನಮ್ಮ ಕಡೆ ರೂಢಿ ಆಗಿಬಿಟ್ಟಿದೆ. ದಯವಿಟ್ಟು ಅದನ್ನು ಬಿಡಿ.

ಬ್ಯಾಡಗಿ ಬಂಡಿ
ಮ್ಯಾಲಿನಾಂವ ಗಾಡಿ ಬಿಡೂ ಮೊದಲ ಇಳೀಬೇಕು. ಹೇರಿನ ಮ್ಯಾಲ ಕುಂತು ಬರೂದು ಬ್ಯಾಡ.

ವೆಲ್ಡಿಂಗ್ ಶೆಡ್ ಗದಗ
ಎರಡು ಗಾಲಿ ಟ್ರೇಲರಿಗೆ ಇನ್ನೊಂದು. ಟ್ರ್ಯಾಕ್ಟರಿನಿಂದ ಬಿಚ್ಚಿ ನಿಂದ್ರಿಸಿ ಹೇರಬ್ಯಾಡ್ರಿ. ಹಿಂದಿನ ಪೆಂಡಿ ಮೊದಲ ಹೇರಿದ್ರ ಮೂಕಿ ಮ್ಯಾಲ ಏಳ್ತದ. ಕೂಡಿಸಿ ಇಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿ ಹಿಂದ ಮುಂದ ಕಲ್ಲು ಕೊಟ್ಟು, ಮುಂದಿನಿಂದ ಹಿಂದಕ್ಕ ಹೇರ್ಕೊಂತ ಹೋಗ್ರಿ. ಅಚ್ಚಿನ ಮುಂದ ಒಂದೀಟು ಭಾರ ಜಾಸ್ತಿ ಇರಲಿ. ಹಿಂದ ಜಾಸ್ತಿ ಆದ್ರ ಟ್ರ್ಯಾಕ್ಟರಿನ ಹಿಂದಿನ ಗಾಲಿ ನೆಲಾ ಬಿಡ್ತಾವ, ಇಳಕಲಿನಾಗ ಬ್ರೇಕ್ ಕೆಲಸಕ್ಕ ಬರೂದಿಲ್ಲ.

ಮುಂದಿನ ಸಾಲು ಟ್ರ್ಯಾಕ್ಟರ್ ಕಡೆ ಚಾಚಬಾರ್ದು. ನಿಂತ ಸೈಲೆನ್ಸರಿಗೂ ಹುಲ್ಲಿಗೂ 3 ಅಡಿ ಅಂತರ ಇರಲಿ. ಏರಿನಾಗ ಎಂಜಿನ್ ಒತ್ತಿದಾಗ ಒಳಗ ಗಟ್ಟಿಯಾದ ಮಸಿ ಕೆಂಡ ಆಗಿ ಹಾರ್ತದ. ಸೈಲೆನ್ಸರ್ ಬಿಚ್ಚಿ ಬಡದು ಮಸಿ ಉದರಿಸಿ ಹಾಕ್ರಿ, ತುದಿಗೆ ಕಿಡಿ ತಡ್ಯೂ ಜಾಳಗಿ ಹಾಕಸ್ರಿ.

ದನದ ದವಾಖಾನಿ ಸವಣೂರ
ಹೇರುವಾಗ ಪೆಂಡಿಯ ಸುತಳಿ ಹಿಡಿದು ಎತ್ತುತ್ತಾರೆ, ಅದು ಹರಿದು ಹುಲ್ಲಿನಲ್ಲಿ ಉಳಿಯುತ್ತದೆ. ಪ್ಲಾಸ್ಟಿಕ್ ಸುತಳಿ ದನದ ಹೊಟ್ಟೆಯಲ್ಲಿ ಕರಗುವುದಿಲ್ಲ, ಮೊದಲ ಹೊಟ್ಟೆಯಲ್ಲಿ ಉಂಡೆಯಾಗಿ ಕೂರುತ್ತದೆ. ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಕೊನೆಗೆ ಹೊಟ್ಟೆ ಕೊಯ್ದೇ ತೆಗೆಯಬೇಕಾಗುತ್ತದೆ. ಎತ್ತಲು ಕೊಕ್ಕೆ ಬಳಸಿ, ಅದನ್ನು ಹುಲ್ಲಿಗೆ ಹಾಕಿ, ಸುತಳಿಗೆ ಬೇಡ. ಪೆಂಡಿ ಬಿಚ್ಚುವಾಗ ಸುತಳಿಯನ್ನು ಒಂದೇ ಕಡೆ ಕತ್ತರಿಸಿ ಪೂರ್ತಿ ಎಳೆದು ತೆಗೆಯಿರಿ. ನಾಲ್ಕು ಕಡೆ ಕತ್ತರಿಸಿದರೆ ಗೇಣುದ್ದದ ತುಂಡುಗಳು ಗೋದಲಿಗೆ ಹೋಗುತ್ತವೆ. ಗೋದಲಿ ಹತ್ತಿರ ಒಂದು ಗೂಟ ಇಟ್ಟು ತೆಗೆದ ಸುತಳಿಯನ್ನೆಲ್ಲ ಅಲ್ಲೇ ಕಟ್ಟಿ. ಬೂಷ್ಟು ಹಿಡಿದ ಪೆಂಡಿಯನ್ನು ಗಬ್ಬದ ಆಕಳಿಗೆ ಹಾಕಲೇಬೇಡಿ.

ನವಲಗುಂದ ಬಿಳಿಜೋಳ
ಅಷ್ಟು ದೂರದಿಂದ ಭತ್ತದ ಹುಲ್ಲು ಯಾಕ ತರೂದ್ರಿ? ಅಣ್ಣಿಗೇರ್ಯಾಗ ಜೋಳದ ಕಣಕಿ ಸಿಗೂದಿಲ್ಲೇನು? ಕಣಕಿ ತಿಂದ ಎತ್ತಿಗೂ ಭತ್ತದ ಹುಲ್ಲು ತಿಂದ ಎತ್ತಿಗೂ ಭಾಳ ಫರಕ್ ಐತಿ.

ಎರಿಹೊಲ ಅಣ್ಣಿಗೇರಿ
ಕಣಕಿ ಛಲೋ ಅನ್ನೂದು ಗೊತ್ತದರಿ. ಈಗ ನಮ್ಮ ಕಡೆ ಕಡ್ಲಿ ಬಿತ್ತಾವ್ರ ಜಾಸ್ತಿ, ಕಣಕಿ ಸಾಲೂದಿಲ್ಲ. ಕಡ್ಲಿ ಹೊಟ್ಟಿನ ಜೋಡಿ ಕೂಡಿಸಿ ಹಾಕಾಕ ಹುಲ್ಲು ತರಸೂದು. ಹಂಗ ಕೇಳ್ತೀನಿ, ಕಣಕಿಗೆ ಇದ ಬೇಲರ್ ನಡೀತೈತೇನು?

ವೆಲ್ಡಿಂಗ್ ಶೆಡ್ ಗದಗ
ಇಡೀ ದಂಟು ನಡ್ಯೂದಿಲ್ಲ. ಭತ್ತದ ಹುಲ್ಲು ಎತ್ತೋ ತೆಳು ಹಲ್ಲು ಅವು, ಜೋಳದ ದಂಟಿಗೆ ಬಾಗ್ತಾವ, ಕೂಳಿಗೆ ಬಡದ್ರ ಮುರೀತಾವ. ಮೊದಲ ಮಲ್ಚರ್ ಹೊಡದು ದಂಟು ಸೀಳಬೇಕು, ಆಮ್ಯಾಲೆ ರೇಕ್ ಹಾಕಿ ಸಾಲು ಮಾಡ್ಬೇಕು. ಅಷ್ಟು ಮಾಡೂದ್ರಾಗ ಎಲಿ ಉದರಿ ಮಣ್ಣಿಗೆ ಹೋಗ್ತದ, ದನ ಇಷ್ಟಪಡೂದ ಆ ಎಲಿ. ಕಣಕಿಗೆ ಸಿವುಡು ಕಟ್ಟಿ ಬಣವಿ ಒಟ್ಟೂದ ಛಲೋ.

ದನದ ದವಾಖಾನಿ ಸವಣೂರ
ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ 3-4 ಮಾತ್ರ. ಅದರಲ್ಲಿರುವ ಆಕ್ಸಲೇಟ್ ಮೇವಿನ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕಡಲೆ ಹೊಟ್ಟಿನ ಜೊತೆ ಹಾಕುವ ನಿಮ್ಮ ವಿಚಾರ ಸರಿ ಇದೆ, ಖನಿಜ ಮಿಶ್ರಣವನ್ನೂ ಕೊಡಿ. ಯೂರಿಯಾ ಉಪಚಾರ ಮಾಡುವುದಾದರೆ 100 ಕಿಲೊ ಒಣ ಹುಲ್ಲಿಗೆ 4 ಕಿಲೊ ಯೂರಿಯಾ, 40ರಿಂದ 50 ಲೀಟರ್ ನೀರು. ಪೆಂಡಿ ಬಿಚ್ಚಿ ಹರಡಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿ ಆಡದಂತೆ 21 ದಿನ ಮುಚ್ಚಿಡಬೇಕು. ಪೆಂಡಿಯ ಮೇಲೆಯೇ ಸುರಿದರೆ ಹೊರಗೆ ಹೆಚ್ಚಾಗಿ ಒಳಗೆ ಏನೂ ತಲುಪುವುದಿಲ್ಲ. ತಿನ್ನಿಸುವ ಮೊದಲು ಘಾಟು ಹೋಗುವಷ್ಟು ಹೊತ್ತು ಗಾಳಿಗೆ ಬಿಡಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ.

ಎರಿಹೊಲ ಅಣ್ಣಿಗೇರಿ
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಹಾನಗಲ್ಲದವರು ಹೇಳಿದಂಗ ತಿರುವಿ ನೋಡಿದ್ವಿ. ಕಾಲುವಿ ಬದಿಗಿನ ಪಟ್ಟಿಯ 30 ಪೆಂಡಿ ಹಸಿ ಅದಾವ, ಗಂಟು ಒತ್ತಿದ್ರ ಉಗುರಿಗೆ ತೇವ ಹತ್ತತೈತಿ. ಅವನ್ನ ಬ್ಯಾರೆ ನಿಂದ್ರಸೇವಿ. ಉಳಿದ 370ಕ್ಕ ಕನ್ವೇಯರ್ ಬಾಡಗಿಗೆ ಹೇಳೀನಿ, ಸಣ್ಣ ಪುಲ್ಲಿ ಹಾಕಿ ಕೊಡ್ತೀನಿ ಅಂದಾರ. ದೂರದ ದಾರಿಗೆ ಲಾರಿ. ಇನ್ನೊಂದ ಪ್ರಶ್ನಿ: ಊರಾಗ ಒಟ್ಟಿದ ಮ್ಯಾಲೆ ಕಾವು ಏರೇತಿ ಅಂತ ಹೆಂಗ ತಿಳ್ಯೂದು?

ಹಾನಗಲ್ಲ ಗದ್ದಿ
ಬಣವಿ ನಡುವ ಕಬ್ಬಿಣದ ಹಾರಿ ಚುಚ್ಚಿ ಒಂದು ತಾಸು ಬಿಡ್ರಿ. ಹೊರಗ ಎಳದು ತುದಿ ಮುಟ್ಟಿ ನೋಡ್ರಿ. ಬೆಚ್ಚಗ ಇದ್ರ ದಿನಾ ನೋಡ್ಕೊಂತ ಇರ್ರಿ. ಹಿಡ್ಯಾಕ ಆಗದಷ್ಟು ಸುಟ್ರ 60 ಡಿಗ್ರಿ ಹತ್ತಿರ ಐತಿ ಅಂತ ತಿಳೀರಿ, ಆವತ್ತ ಬಣವಿ ಬಿಚ್ಚಿ ಗಾಳಿಗೆ ಹರವ್ರಿ. ಹೊಗಿ ವಾಸನಿ, ಸುಟ್ಟ ಬೆಲ್ಲದಂಥಾ ವಾಸನಿ ಬಂತಂದ್ರ ಮಾತ್ರ ನೀವ ಬಿಚ್ಚಾಕ ಹೋಗಬ್ಯಾಡ್ರಿ. ಗಾಳಿ ಒಳಗ ಹೋದ ಕೂಡ್ಲೇ ಭಗ್ಗಂತ ಹತ್ತತೈತಿ. 112ಕ್ಕ ಫೋನ್ ಮಾಡಿ ಅಗ್ನಿಶಾಮಕದವರು ಬಂದ ಮ್ಯಾಲೆ ಅವರ ಮುಂದ ಬಿಚ್ರಿ. ಮೊದಲಿನ ಆರು ವಾರ ನೋಡ್ಕೊಂತ ಇರ್ರಿ.

ತಳಕ್ಕ ಕಲ್ಲು ಇಟ್ಟು ಹಳೇ ಗಳ ಹಾಸಿ, ನೆಲದಿಂದ ಒಂದು ಗೇಣು ಎತ್ತರಕ್ಕ ಒಟ್ರಿ. ಎರಿ ನೆಲಾ ತೇವ ಹೀರಿ ತಳದ ಸಾಲು ಪೂರಾ ಕೊಳಸ್ತೈತಿ.

ಲಕ್ಷ್ಮೇಶ್ವರ ಲಾರಿ
ಲಾರಿಗೆ ಹೇಳೋವಾಗ ಡಬ್ಬಿ ಉದ್ದ ಒಳಗಿನಿಂದ ಟೇಪು ಹಿಡದು ಅಳಸ್ರಿ. 20 ಅಡಿ ಅಂತ ಹೇಳಿ 17 ಅಡಿದು ಕಳಸ್ತಾರ. 17ಕ್ಕ ತಳದಾಗ 16 ಅಷ್ಟ ಹಿಡೀತಾವ.

ಎರಿಹೊಲ ಅಣ್ಣಿಗೇರಿ
ಆತ್ರಿ, ನಾಳೆ ಮುಂಜಾನೆ ಟೇಪು ತಗೊಂಡ ಹೋಗ್ತೀನಿ.